ಮೈಸೂರು ಸೀಮೆಯ ಅರಮನೆ ಮತ್ತು ಕಾಡು: ಮುಂಬಯಿಯಿಂದ ಎಂಟು ದಿನಗಳ ಪ್ರವಾಸವನ್ನು ಹೇಗೆ ಹೊಂದಿಸಬೇಕು?

ಕುಂದಾಪುರದ ಮಗಳು (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿಯೇ. ನಮ್ಮ ಮನೆಯಲ್ಲಿ ಊರು ಎಂದರೆ ಕುಂದಾಪುರದ ಕಡೆಯ ಅಜ್ಜಿಮನೆ. ಪ್ರತಿ ಬೇಸಿಗೆ ರಜೆಯಲ್ಲಿ ಮತ್ಸ್ಯಗಂಧ ರೈಲು ಹಿಡಿದು ಅಲ್ಲಿಗೆ ಹೋಗುವುದು, ಎರಡು ಮದುವೆ, ಒಂದು ಗೃಹಪ್ರವೇಶ ಮುಗಿಸಿಕೊಂಡು ಅದೇ ರೈಲಿನಲ್ಲಿ ಮರಳುವುದು, ಇಷ್ಟರಲ್ಲಿಯೇ ನಲವತ್ತೆರಡು ವರ್ಷ ಕಳೆದಿವೆ. ಮೈಸೂರನ್ನು ಈವರೆಗೆ ಕಂಡಿಲ್ಲ. ಮೊನ್ನೆ ಒಂಬತ್ತು ವರ್ಷದ ಮಗ ಪಠ್ಯಪುಸ್ತಕದಲ್ಲಿ ಜೈಪುರ, ಉದಯಪುರಗಳ ಅರಮನೆಗಳ ಚಿತ್ರ ನೋಡಿ, ನಮ್ಮ ಕನ್ನಡದವರಿಗೆ ರಾಜರು ಇರಲಿಲ್ಲವೇ ಎಂದು ಕೇಳಿದ. ಆ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ.

ನಾವು ಐದು ಜನ: ನಾನು, ನನ್ನ ಯಜಮಾನರು, ಹದಿನಾಲ್ಕರ ಮಗಳು, ಒಂಬತ್ತರ ಮಗ ಮತ್ತು ಎಪ್ಪತ್ತೊಂದು ವರ್ಷದ ಅತ್ತೆಯವರು. ಅತ್ತೆಯವರಿಗೆ ಮಂಡಿನೋವಿದೆ, ಆದರೆ ಬಿಟ್ಟು ಹೋಗುವ ಮನಸ್ಸು ನಮಗಿಲ್ಲ. ಮಗಳಿಗೆ ಅರಮನೆಗಿಂತ ಕಾಡು ಇಷ್ಟ. ಪ್ರವಾಸದ ಏಜೆಂಟರನ್ನು ವಿಚಾರಿಸಿದರೆ ಮೈಸೂರು, ಊಟಿ, ಕೊಡಗು ಎಲ್ಲವನ್ನೂ ಐದೇ ದಿನಗಳಲ್ಲಿ ತೋರಿಸುತ್ತೇವೆ ಎನ್ನುತ್ತಾರೆ. ಹಾಗೆ ಓಡುತ್ತ ನೋಡುವುದು ನಮಗೆ ಬೇಡ. ದಸರೆಗೆ ಹೋಗಬೇಕೇ, ಬೇರೆ ಕಾಲದಲ್ಲಿ ಹೋಗಬೇಕೇ, ಅರಮನೆ ಮತ್ತು ಕಾಡು ಎರಡನ್ನೂ ಎಂಟು ದಿನಗಳಲ್ಲಿ ಸಮಾಧಾನವಾಗಿ ನೋಡಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ಅಗ್ರಹಾರ (ಮಾಟುಂಗಾ)

ತಂಗಿ, ನಿಮ್ಮ ಮಗನ ಪ್ರಶ್ನೆಯನ್ನು ಓದಿ ಈ ಮುದುಕನಿಗೆ ಸುಮ್ಮನಿರಲು ಆಗಲಿಲ್ಲ. ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದು, ಬ್ಯಾಂಕ್ ನೌಕರಿಗೆಂದು 1979ರಲ್ಲಿ ಇಲ್ಲಿಗೆ ಬಂದವನು. 1926ರಲ್ಲಿ ಹುಟ್ಟಿದ ನಮ್ಮ ಮೈಸೂರು ಅಸೋಸಿಯೇಷನ್ನಿನ ಅಂಗಳದಲ್ಲಿ ಕುಳಿತಾಗಲೆಲ್ಲ ಊರಿನಿಂದ ಬಂದವರು ಇದೇ ಪ್ರಶ್ನೆ ಕೇಳುವುದುಂಟು.

ನನ್ನ ಸಲಹೆ ಒಂದೇ. ಅರಮನೆ ಒಂದು ಕಡೆ, ಕಾಡು ಇನ್ನೊಂದು ಕಡೆ ಎಂದು ಎರಡು ಪ್ರವಾಸಗಳನ್ನು ಹೊಲಿದು ಜೋಡಿಸಬೇಡಿ. ಮೈಸೂರಿನಲ್ಲಿ ಅವೆರಡೂ ಒಂದೇ ಕಥೆ, ಅದರ ಎಳೆ ಆನೆ. ಈಗಿನ ಅರಮನೆ ಹಳೆಯದೇನಲ್ಲ. ಇದರ ಮೊದಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಬಾಲಕರು, ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದರು. ಆ ತಾಯಿಯೇ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು, 1912ರಲ್ಲಿ ಅದು ಮುಗಿಯಿತು, ಆಗಿನ ಕಾಲದ 41 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚಾಯಿತು.

ಒಳಗೆ ಹೋದ ಮೇಲೆ ಜನ ಅಂಬಾವಿಲಾಸ ಎಂಬ ದರ್ಬಾರು ಸಭಾಂಗಣದ ಕಡೆಗೆ ನುಗ್ಗುತ್ತಾರೆ. ನೀವು ಕಲ್ಯಾಣ ಮಂಟಪದಲ್ಲಿ ಅರ್ಧ ಗಂಟೆ ನಿಲ್ಲಿ. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ, ಅದನ್ನು ಹೊತ್ತಿರುವುದು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಆದರೆ ಮಕ್ಕಳಿಗೆ ತೋರಿಸಬೇಕಾದದ್ದು ಸುತ್ತಲಿನ ಗೋಡೆಯ ಚಿತ್ರಗಳನ್ನು. ಅಲ್ಲಿ ಹಿಂದಿನ ಕಾಲದ ದಸರೆಯ ಮೆರವಣಿಗೆ ಪಟದಿಂದ ಪಟಕ್ಕೆ ಸಾಗುತ್ತದೆ: ಆನೆ, ಕುದುರೆ, ಬ್ಯಾಂಡಿನವರು, ಛತ್ರಿ ಹಿಡಿದವರು, ಮಹಡಿಯ ಮೇಲಿನಿಂದ ಇಣುಕುವ ಹೆಂಗಸರು. ರಾಜ ಎಲ್ಲಿದ್ದಾನೆ ಎಂದು ಹುಡುಕುವುದು ಸುಲಭ. ಆನೆಯ ಕತ್ತಿನ ಮೇಲೆ ಕುಳಿತ ಮಾವುತನನ್ನು ನೋಡಿರಿ, ಅವನು ಆ ಅರಮನೆಗೆ ಕಾಡಿನಿಂದ ಬಂದವನು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಉತ್ಸವ ಇಂದಿಗೂ ನಡೆಯುತ್ತಿದೆ. ಹಿಂದೆ ಮಹಾರಾಜರು ಕುಳಿತುಕೊಳ್ಳುತ್ತಿದ್ದ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಈಗ ತಾಯಿ ಚಾಮುಂಡೇಶ್ವರಿಯ ವಿಗ್ರಹವನ್ನು ಕೂರಿಸುತ್ತಾರೆ. ಮೆರವಣಿಗೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುತ್ತದೆ. ಆನೆಗಳು ಹಬ್ಬಕ್ಕೆ ಸುಮಾರು ಎರಡು ತಿಂಗಳು ಮೊದಲೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆಯ ಆವರಣಕ್ಕೆ ಬರುತ್ತವೆ. ಮಾವುತರು, ಅವರ ಸಹಾಯಕರಾದ ಕಾವಾಡಿಗಳು, ಅವರೆಲ್ಲರ ಹೆಂಡತಿ ಮಕ್ಕಳು ಎಲ್ಲರೂ ಅಲ್ಲಿಯೇ ಶೆಡ್ಡುಗಳಲ್ಲಿ ಬಿಡಾರ ಹೂಡುತ್ತಾರೆ, ಮಕ್ಕಳಿಗೆ ಅಲ್ಲಿಯೇ ಶಾಲೆ ನಡೆಯುತ್ತದೆ. ಆದ್ದರಿಂದ ದಸರೆಗೇ ಹೋಗಿ ಎಂಬುದು ನನ್ನ ಅಭಿಪ್ರಾಯ. ವಿಜಯದಶಮಿಯ ನೂಕುನುಗ್ಗಲು ಅತ್ತೆಯವರಿಗೆ ಆಗದು, ಒಂದು ವಾರ ಮೊದಲು ಹೋದರೆ ಬೆಳಗಿನ ತಾಲೀಮನ್ನು ಹತ್ತಿರದಿಂದ ನೋಡಬಹುದು.

ಕಾಡುಹಾದಿ (ಪುಣೆ, ಕೋಥ್ರೂಡ್)

ಹಿರಿಯರ ಮಾತನ್ನು ಗೌರವದಿಂದ ಓದಿದೆ. ಆನೆಯೇ ಎಳೆ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಅದೇ ಕಾರಣಕ್ಕಾಗಿ ದಸರೆಯ ಸಲಹೆಯನ್ನು ಮಾತ್ರ ಒಪ್ಪಲಾರೆ. ಹದಿನಾರು ವರ್ಷಗಳಿಂದ ಪುಣೆಯಿಂದ ನಾಗರಹೊಳೆಗೆ ಹೋಗಿಬರುತ್ತಿದ್ದೇನೆ, ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮಹಾರಾಷ್ಟ್ರದ ಶಾಲೆಗಳಿಗೆ ದಸರೆಯ ದೀರ್ಘ ರಜೆ ಇಲ್ಲ. ದೀಪಾವಳಿಯ ರಜೆಯಲ್ಲಿ ಹೋದರೆ ಮಳೆ ಮುಗಿದು ಕಾಡು ದಟ್ಟವಾಗಿರುತ್ತದೆ. ರಸ್ತೆಯಿಂದ ಹತ್ತು ಅಡಿ ಒಳಗೆ ಆನೆ ನಿಂತಿದ್ದರೂ ಲಂಟಾನದ ಪೊದೆಗಳ ಹಿಂದೆ ಅದು ಕಾಣುವುದಿಲ್ಲ. ಬೇಸಿಗೆಯಲ್ಲಿ ಹಾಗಲ್ಲ. ಕಬಿನಿ ಜಲಾಶಯದ ಹಿನ್ನೀರು ಇಳಿಯುತ್ತ ಹೋದಂತೆ ಬರಿದಾದ ನೆಲದ ಮೇಲೆ ಹೊಸ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡಿನ ಹಳ್ಳಕೊಳ್ಳಗಳು ಬತ್ತಿರುವುದರಿಂದ ನಾಗರಹೊಳೆ, ಬಂಡೀಪುರ ಮತ್ತು ಅತ್ತ ವಯನಾಡಿನ ಕಡೆಯ ಆನೆಗಳು ಹಿಂಡುಹಿಂಡಾಗಿ ಆ ನೀರಿಗೂ ಹುಲ್ಲಿಗೂ ಇಳಿಯುತ್ತವೆ. ಫೆಬ್ರವರಿಯಿಂದ ಆರಂಭವಾಗುವ ಈ ಕೂಟ ಏಪ್ರಿಲ್, ಮೇ ಹೊತ್ತಿಗೆ ದೊಡ್ಡದಾಗುತ್ತದೆ, ಮುಂಗಾರು ಬಿದ್ದೊಡನೆ ಚದುರುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲಿಯೇ ಅದು ಅತಿ ಹೆಚ್ಚು. ಆ ಸಂಖ್ಯೆ ಕಾಗದದ ಮೇಲೆ ಅರ್ಥವಾಗುವುದಿಲ್ಲ. ಕಬಿನಿಯ ದಂಡೆಯಲ್ಲಿ ಸಂಜೆ ಐದು ಗಂಟೆಗೆ ಒಮ್ಮೆ ನಿಂತರೆ ಅರ್ಥವಾಗುತ್ತದೆ.

ಹಾಗಾಗಿ ಮೇ ತಿಂಗಳ ಮೊದಲ ವಾರ ಹೋಗಿರಿ. ಬಿಸಿಲಿನ ಬಗ್ಗೆ ಹೆದರಬೇಡಿ. ಡೊಂಬಿವಲಿಯ ಮೇ ತಿಂಗಳ ಬೆವರನ್ನು ಕಂಡವರಿಗೆ ಮೈಸೂರಿನ ಬಿಸಿಲು ಒಣ ಬಿಸಿಲು, ಸಂಜೆಗೆ ಗಾಳಿ ತಂಪಾಗುತ್ತದೆ.

ಎರಡನೆಯದಾಗಿ ಒಂದು ಎಚ್ಚರಿಕೆ. ಸಫಾರಿಯ ಸೀಟುಗಳು ಸೀಮಿತ, ಬೇಸಿಗೆ ರಜೆಯಲ್ಲಿ ತಿಂಗಳುಗಳ ಮೊದಲೇ ತುಂಬುತ್ತವೆ. ಆರು ವರ್ಷಗಳ ಹಿಂದೆ ಒಬ್ಬ ಮಧ್ಯವರ್ತಿಯ ಮಾತು ನಂಬಿ ನಾಲ್ಕು ಸಫಾರಿಗೆ ಪೂರ್ತಿ ಹಣ ಕಟ್ಟಿದೆ. ಅಲ್ಲಿಗೆ ಹೋಗಿ ನೋಡಿದರೆ ನಮ್ಮ ಹೆಸರಿನಲ್ಲಿ ಒಂದು ಸೀಟೂ ಕಾಯ್ದಿರಿಸಿರಲಿಲ್ಲ. ಎಂಬತ್ತರ ಸಮೀಪದ ನನ್ನ ತಂದೆಯವರು ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಮೂರು ಗಂಟೆ ಕುಳಿತು ಬರಿಗೈಯಲ್ಲಿ ಮರಳಿದರು. ಅವರಿಗೆ ಮತ್ತೆ ಕಾಡು ನೋಡುವ ಅವಕಾಶ ಬರಲಿಲ್ಲ. ಆದ್ದರಿಂದ ಅರಣ್ಯ ಇಲಾಖೆ ಅಥವಾ ಸರ್ಕಾರದ ಪ್ರವಾಸ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಮೂಲಕ ನೇರವಾಗಿ ಕಾಯ್ದಿರಿಸಿ, ರಸೀದಿ ಕೈಗೆ ಬಂದ ಮೇಲೆಯೇ ರೈಲಿನ ಟಿಕೆಟ್ ತೆಗೆಯಿರಿ. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಇನ್ನೊಮ್ಮೆ ವಿಚಾರಿಸಿಕೊಳ್ಳಿ.

ಭೀಮಾತೀರ (ಘಾಟ್‌ಕೋಪರ್)

ಈ ಚರ್ಚೆಯಲ್ಲಿ ಒಂದು ಮಾತು ಯಾರೂ ಹೇಳದೆ ಉಳಿಯುತ್ತಿದೆ, ಅದನ್ನು ಹೇಳುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ನಾನು ವಿಜಯಪುರದ ಕಡೆಯವನು, ಬಾಲ್ಯದಲ್ಲಿ ಗೋಳಗುಮ್ಮಟ ನೋಡಿ ಬೆಳೆದವನು. ಅರಮನೆ, ಗುಮ್ಮಟಗಳನ್ನು ತಲೆಯೆತ್ತಿ ನೋಡಬೇಕು, ಸಂತೋಷಪಡಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕಾಡಿನ ಆನೆ ಅರಮನೆಗೆ ಹೇಗೆ ಬಂತು ಎಂಬುದನ್ನು ಹಿರಿಯರು ಹೇಳಲಿಲ್ಲ.

ಅದು ಬಂದದ್ದು ಖೆಡ್ಡಾದಿಂದ, ಎಂದರೆ ಕಾಡಾನೆಗಳನ್ನು ಹಿಂಡಾಗಿ ಅಟ್ಟಿ ಸೆರೆಹಿಡಿಯುವ ಪದ್ಧತಿಯಿಂದ. 1873-74ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಇದನ್ನು ಆರಂಭಿಸಿದ. ಕಾಕನಕೋಟೆಯಲ್ಲಿ ತಮಟೆ, ಬೆಂಕಿ, ಕೂಗಾಟಗಳಿಂದ ಆನೆಯ ಹಿಂಡನ್ನು ಕಬಿನಿ ನದಿಗೆ ಇಳಿಸಿ, ಆಚೆ ದಡದ ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿ, ಪಳಗಿದ ಆನೆಗಳನ್ನು ಬಿಟ್ಟು ಹಗ್ಗ ಬಿಗಿಯುತ್ತಿದ್ದರು. ವೈಸರಾಯ್‌ಗಳಿಗೂ ರಾಜಮನೆತನದ ಅತಿಥಿಗಳಿಗೂ ಅದನ್ನು ಪ್ರದರ್ಶನದಂತೆ ತೋರಿಸಲಾಗುತ್ತಿತ್ತು. ತಾಯಿಯಿಂದ ಅಗಲಿದ ಮರಿಗಳು, ಗಾಯಗೊಂಡು ಸತ್ತ ಆನೆಗಳು ಎಷ್ಟೋ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು, ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನು ಮುಳುಗಿಸಿತು. ನೀವು ಈಗ ದೋಣಿಯಲ್ಲಿ ಕುಳಿತು ನೋಡುವ ಹಿನ್ನೀರಿನ ಕೆಳಗೆ ಅದೆಲ್ಲ ಇದೆ.

ಇನ್ನು ಈ ಕಾಡಿನ ಮೂಲನಿವಾಸಿಗಳಾದ ಜೇನುಕುರುಬರು. ಆನೆಯ ಜಾಡು ಹಿಡಿಯುವುದು, ಪಳಗಿಸುವುದು, ಮೀಯಿಸುವುದು, ಅಂಬಾರಿಯ ಆನೆಯನ್ನು ಲಕ್ಷಾಂತರ ಜನರ ಮಧ್ಯೆ ನಡೆಸುವುದು ಅವರ ವಿದ್ಯೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದೇ ಸಮುದಾಯದ ಕುಟುಂಬಗಳನ್ನು ಕಾಡಿನೊಳಗಿನ ಹಾಡಿಗಳೆಂಬ ಪುಟ್ಟ ಊರುಗಳಿಂದ ಎಬ್ಬಿಸಿ ನಾಗಾಪುರದಂಥ ಪುನರ್ವಸತಿ ಊರುಗಳಿಗೆ ಕಳಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅವರು ಇಂದಿಗೂ ತಮ್ಮ ನೆಲಕ್ಕಾಗಿ ಅರ್ಜಿ ಹಿಡಿದು ನಿಂತಿದ್ದಾರೆ. ಅಕ್ಕಾವ್ರೇ, ನಿಮ್ಮ ಮಗನಿಗೆ ರಾಜರನ್ನು ತೋರಿಸಿರಿ. ಇದನ್ನೂ ಹೇಳಿರಿ.

ಹಳೇ ಅಗ್ರಹಾರ (ಮಾಟುಂಗಾ)

ಭೀಮಾತೀರದವರೇ, ನೀವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯಲಾರೆ. 1968ರಲ್ಲಿ ಕಾಕನಕೋಟೆಯಲ್ಲಿ ಖೆಡ್ಡಾ ನಡೆದಾಗ ನಮ್ಮ ತಂದೆ ನನ್ನನ್ನು ಕರೆದುಕೊಂಡು ಹೋಗಿದ್ದರು. ನನಗಾಗ ಹನ್ನೊಂದು ವರ್ಷ. ಅಟ್ಟಣೆಯ ಮೇಲೆ ತಂದೆಯ ಮೊಣಕಾಲಿನ ನಡುವೆ ನಿಂತಿದ್ದೆ. ಮೊದಲು ತಮಟೆಯ ಸದ್ದು, ಆಮೇಲೆ ಬಿದಿರು ಮುರಿಯುವ ಸದ್ದು, ಆಮೇಲೆ ಒಮ್ಮೆಗೇ ನದಿಯ ನೀರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ಸೊಂಡಿಲುಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಒಂದು ಮರಿ ತಾಯಿಯ ಬಾಲಕ್ಕೆ ಸೊಂಡಿಲು ಸುತ್ತಿಕೊಂಡು ಈಜುತ್ತಿತ್ತು. ಜನ ಕೇಕೆ ಹಾಕಿದರು, ನಾನೂ ಹಾಕಿದೆ. ಮನೆಗೆ ಬಂದ ಮೇಲೆ ರಾತ್ರಿ ನಿದ್ದೆಯಲ್ಲಿ ಅಳುತ್ತಿದ್ದೆನಂತೆ, ತಾಯಿ ಹೇಳುತ್ತಿದ್ದರು.

ಆ ಖೆಡ್ಡಾದಲ್ಲಿ ಸೆರೆಯಾದ ಆನೆಗಳಲ್ಲಿ ಒಂದು ಅರ್ಜುನ. ಎಂಟು ವರ್ಷ ಅಂಬಾರಿ ಹೊತ್ತದ್ದು ಅದೇ. ನಿವೃತ್ತಿಯ ನಂತರವೂ ಅದನ್ನು ಕಾಡಾನೆ ಸೆರೆಯ ಕಾರ್ಯಾಚರಣೆಗೆ ಕರೆದೊಯ್ಯುತ್ತಿದ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡುತ್ತ ಪ್ರಾಣ ಬಿಟ್ಟಿತು. ಆ ದಿನ ನಾನು ಮಾಟುಂಗದ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತು, ಮಾವುತ ಅದರ ಮೈಮೇಲೆ ಬಿದ್ದು ಅಳುವುದನ್ನು ನೋಡಿದೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಅಂಬಾರಿ ಹೊತ್ತ ದ್ರೋಣ 1998ರಲ್ಲಿ ವಿದ್ಯುತ್ ತಂತಿ ತಗುಲಿ ಸತ್ತಿತು. 2020ರಿಂದ ಅಂಬಾರಿ ಹೊತ್ತವನು ಮತ್ತಿಗೋಡು ಶಿಬಿರದ ಅಭಿಮನ್ಯು. ಮೈಸೂರಿನವರು ಈ ಆನೆಗಳ ಹೆಸರನ್ನು ಮನೆಯವರ ಹೆಸರಿನಂತೆ ಹೇಳುತ್ತಾರೆ. ಆ ಪ್ರೀತಿ ನಿಜ, ನೀವು ಹೇಳಿದ ನೋವೂ ನಿಜ.

ರಾಜರ ಬೇಟೆಯ ಕಾಡುಗಳೇ ಇಂದಿನ ರಕ್ಷಿತ ಕಾಡುಗಳಾದವು ಎಂಬುದನ್ನು ಮಾತ್ರ ಸೇರಿಸುತ್ತೇನೆ. 1931ರಲ್ಲಿ 90 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಆರಂಭವಾದದ್ದೇ ಬೆಳೆದು ಬಂಡೀಪುರವಾಯಿತು, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಆ ಉದ್ಯಾನಕ್ಕಿತ್ತು.

ಕಾಲದ ವಿಷಯದಲ್ಲಿ ಪುಣೆಯವರ ಮಾತೇ ಸರಿ. ಮಕ್ಕಳಿಗೆ ಮೊದಲು ಕಾಡಿನಲ್ಲಿ ಸ್ವಂತ ಮನೆಯಲ್ಲಿರುವ ಆನೆಯನ್ನು ತೋರಿಸಬೇಕು, ಅಂಬಾರಿ ಹೊತ್ತದ್ದನ್ನು ಆಮೇಲೆ ತೋರಿಸಬಹುದು. ದಸರೆಯ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ವಾಶಿಯ ಅಜ್ಜಿ (ನವಿ ಮುಂಬಯಿ)

ಮಗಳೇ, ನಿನ್ನ ಅತ್ತೆಯವರ ಮಂಡಿಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನನ್ನದೂ ಅದೇ ಕಥೆ. ಹೋದ ಬೇಸಿಗೆಯಲ್ಲಿ ಮಗನ ಜೊತೆ ಹೋಗಿದ್ದೆ. ಅರಮನೆಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಮೇ ತಿಂಗಳ ಮಧ್ಯಾಹ್ನ ಹೊರಗಿನ ಕಲ್ಲು ಕಾದ ಕಾವಲಿಯಂತಿರುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿರಿ, ಕೈಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ದೀಪಾಲಂಕಾರ ಭಾನುವಾರ ಮತ್ತು ರಜಾದಿನಗಳ ಸಂಜೆ ಇರುತ್ತದೆ, ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹತ್ತುತ್ತವೆ. ಅದಕ್ಕಾಗಿ ಒಂದು ಭಾನುವಾರ ಮೈಸೂರಿನಲ್ಲಿಯೇ ಇರುವಂತೆ ನೋಡಿಕೋ. ಮೃಗಾಲಯಕ್ಕೆ ಮಂಗಳವಾರ ರಜೆ. ಅದು 1892ರಷ್ಟು ಹಳೆಯದು, ನೆರಳು ಚೆನ್ನಾಗಿದೆ, ಆದರೆ ನಡಿಗೆ ಹೆಚ್ಚು. ನಾನು ಅದನ್ನು ಬಿಟ್ಟೆ. ಚಾಮುಂಡಿ ಬೆಟ್ಟಕ್ಕೆ ಬಸ್ಸು, ಕಾರು ಹೋಗುತ್ತವೆ, ಸಾವಿರ ಮೆಟ್ಟಿಲು ಏರಬೇಕಾಗಿಲ್ಲ. ಇಳಿಯುವಾಗ ನಂದಿಯ ಬಳಿ ನಿಲ್ಲಿಸಲು ಹೇಳಿ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ರಂಗನತಿಟ್ಟು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಕಟ್ಟೆಯಿಂದಾಗಿ ಆ ತಿಟ್ಟುಗಳು ಉಂಟಾದವಂತೆ. ಅವುಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ಪಕ್ಷಿಧಾಮ ಮಾಡಿ ಎಂದು ಮೈಸೂರು ಮಹಾರಾಜರ ಮನವೊಲಿಸಿದವರು ನಮ್ಮ ಮುಂಬಯಿಯ ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮವಾಯಿತು. ಇದನ್ನು ಅಂಬಿಗ ಹೇಳಿದಾಗ ನನಗೆ ನಮ್ಮ ಊರಿನವರನ್ನೇ ಅಲ್ಲಿ ಕಂಡಷ್ಟು ಹಿಗ್ಗಾಯಿತು. ದೋಣಿಯಲ್ಲಿ ಕುಳಿತರೆ ಸಾಕು, ಒಂದು ಹೆಜ್ಜೆಯನ್ನೂ ನಡೆಯಬೇಕಾಗಿಲ್ಲ. ಬೇಸಿಗೆಯಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಮರಿಗಳು ಗೂಡಿನಲ್ಲಿರುತ್ತವೆ, ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿರುತ್ತವೆ. ಒಂದು ತಾಯಿಹಕ್ಕಿ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ನಾವು ಹೋಗಿ ಬರುವ ಮುಕ್ಕಾಲು ಗಂಟೆಯೂ ಅದು ಅಲುಗಲಿಲ್ಲ.

ಜುವಾರಿ (ವಾಸ್ಕೊ)

ಪ್ರಯಾಣದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ದಾದರದಿಂದ ಮೈಸೂರಿಗೆ ನೇರವಾಗಿ ಹೋಗುವ ಶರಾವತಿ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಇದೆ, ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿ ಮಾರ್ಗ. ಅದು ಹೊಂದದಿದ್ದರೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂದೆ ಹೋಗಬಹುದು. ನಾವು ಗೋವಾದಿಂದ ಸ್ವಂತ ಕಾರಿನಲ್ಲಿ ಹೋಗಿದ್ದೆವು. ಕಾರಿನವರು ನೆನಪಿಡಬೇಕಾದ ಒಂದು ಸಂಗತಿ: ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ವಾಹನಗಳ ಕೆಳಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳಿಗಾಗಿ ಮಾಡಿದ ನಿಯಮ ಅದು. ದಯವಿಟ್ಟು ಸಂಜೆಯೊಳಗೆ ದಾಟಿರಿ, ಕಾಡಿನ ದಾರಿಯಲ್ಲಿ ಇಳಿದು ಫೋಟೋ ತೆಗೆಯಬೇಡಿ.

ಕುಂದಾಪುರದ ಮಗಳು (ಡೊಂಬಿವಲಿ)

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಭೀಮಾತೀರದ ಅಣ್ಣ ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮಾವುತರನ್ನು ಎಲ್ಲಿ ನೋಡಬಹುದು ಎಂದು ಕೇಳಿದಳು. ಮೇ ತಿಂಗಳ ಮೊದಲ ವಾರ ಎಂದು ನಿಶ್ಚಯಿಸಿದ್ದೇವೆ. ಮೈಸೂರಿನಲ್ಲಿ ಮೂರು ರಾತ್ರಿ, ಕಬಿನಿಯಲ್ಲಿ ಎರಡು ರಾತ್ರಿ ಆದ ಮೇಲೆ ಇನ್ನೊಂದು ಸ್ಥಳಕ್ಕೆ ಅವಕಾಶವಿದೆ. ಸೋಮನಾಥಪುರವನ್ನು ಸೇರಿಸಬೇಕೇ?

ಕಾಡುಹಾದಿ (ಪುಣೆ, ಕೋಥ್ರೂಡ್)

ಸೋಮನಾಥಪುರವನ್ನು ಖಂಡಿತ ಸೇರಿಸಿರಿ, ಅರ್ಧ ದಿನ ಸಾಕು. ಹದಿಮೂರನೆಯ ಶತಮಾನದ ಹೊಯ್ಸಳ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ದೇವಾಲಯ ನಿಂತಿರುವ ಎತ್ತರದ ಜಗತಿಯ ಮೇಲೆ, ಗೋಡೆಯ ಕೆಳಗಿನ ಸಾಲಿನಲ್ಲಿ ಸುತ್ತಲೂ ಆನೆಗಳೇ ನಡೆಯುತ್ತವೆ, ಅವುಗಳ ಮೇಲೆ ಉಳಿದ ಶಿಲ್ಪ ನಿಂತಿದೆ. ಮಗನಿಗೆ ಎಣಿಸಲು ಹೇಳಿರಿ.

ಮಗಳಿಗೆ ಮಾವುತರನ್ನು ತೋರಿಸಲು ಕುಶಾಲನಗರದ ಹತ್ತಿರದ ದುಬಾರೆ ಆನೆ ಶಿಬಿರ ಸೂಕ್ತ. ದಸರೆಗೆ ಹೋಗಿಬರುವ ಆನೆಗಳಲ್ಲಿ ಕೆಲವು ಅಲ್ಲಿಯವು. ಬೆಳಿಗ್ಗೆ ಕಾವೇರಿಯಲ್ಲಿ ಅವುಗಳನ್ನು ಮೀಯಿಸುತ್ತಾರೆ. ಕಬಿನಿಯಲ್ಲಿ ಅತ್ತೆಯವರಿಗೆ ದೋಣಿಯ ಸಫಾರಿಯನ್ನು ಆರಿಸಿಕೊಳ್ಳಿ, ಜೀಪಿನ ಕುಲುಕಾಟ ಬೇಡ. ಒಂದು ವಿನಂತಿ: ಹುಲಿ ಕಾಣಲಿಲ್ಲವೆಂದು ಮಕ್ಕಳು ಬೇಸರಪಡದಂತೆ ಮೊದಲೇ ಹೇಳಿಡಿ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳಿದ್ದವು. ಅಷ್ಟಿದ್ದರೂ ಕಾಣುವುದು ಅದೃಷ್ಟ. ಚಾಲಕನಿಗೆ ಹುಲಿ ತೋರಿಸು ಎಂದು ಒತ್ತಾಯ ಮಾಡಿದರೆ ಅವನು ಅಲ್ಲಿಂದಿಲ್ಲಿಗೆ ಗಾಡಿ ಓಡಿಸುವುದರಲ್ಲಿಯೇ ಸಮಯ ಕಳೆಯುತ್ತದೆ.

ಹಳೇ ಅಗ್ರಹಾರ (ಮಾಟುಂಗಾ)

ಇನ್ನೊಂದನ್ನು ಮರೆತಿದ್ದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿರಿ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಬೆಂಕಿ ಅನಾಹುತದ ನಂತರ ರಾಜಕುಟುಂಬ ವಾಸವಾಗಿದ್ದದ್ದು ಅಲ್ಲಿಯೇ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅಡ್ಡವಿಟ್ಟ ಹೆಂಗಸಿನ ಚಿತ್ರವನ್ನು ಎಲ್ಲರೂ ರವಿವರ್ಮನದು ಎನ್ನುತ್ತಾರೆ. ಅದು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಳದಣಕರ್ ಅವರು ತಮ್ಮ ಮಗಳನ್ನೇ ನಿಲ್ಲಿಸಿ ಜಲವರ್ಣದಲ್ಲಿ ಬರೆದದ್ದು. ಆ ಬೆರಳುಗಳ ನಡುವಿನಿಂದ ಹೊರಗೆ ಬರುವ ಕೆಂಪು ಬೆಳಕನ್ನು ಅತ್ತೆಯವರು ನೋಡಲಿ.

ಕುಂದಾಪುರದ ಮಗಳು (ಡೊಂಬಿವಲಿ)

ಹೋಗಿ ಬಂದೆವು. ಮೇ 13ರಂದು ಮನೆ ಸೇರಿದೆವು, ಬಟ್ಟೆಗಳನ್ನು ಒಗೆದು ಮುಗಿಸುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಕಲ್ಯಾಣ ಮಂಟಪದಲ್ಲಿ ಹಿರಿಯರು ಹೇಳಿದಂತೆ ನಿಂತೆವು. ಮಗ ಮೊದಲು ರಾಜನನ್ನು ಹುಡುಕಿ, ಆಮೇಲೆ ಮಾವುತರನ್ನು ಎಣಿಸಲು ಆರಂಭಿಸಿದ. ಹಿಂದಿನಿಂದ ಜನ ತಳ್ಳುತ್ತಿದ್ದುದರಿಂದ ಎಣಿಕೆ ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಕಾವಲಿನವರು ಮುಂದೆ ನಡೆಯಿರಿ ಎಂದರು. ವಾಶಿಯ ಅಜ್ಜಿಯವರೇ, ಕಾಲುಚೀಲಕ್ಕಾಗಿ ಅತ್ತೆಯವರು ನಿಮಗೆ ವಿಶೇಷವಾಗಿ ನಮಸ್ಕಾರ ತಿಳಿಸಿದ್ದಾರೆ. ಜಗನ್ಮೋಹನ ನಮಗೆ ಆಗಲಿಲ್ಲ, ಆ ದಿನ ಮಗನಿಗೆ ಜ್ವರ ಬಂದಿತ್ತು.

ಕಬಿನಿಯಲ್ಲಿ ಹುಲಿ ಕಾಣಲಿಲ್ಲ. ಎರಡನೆಯ ಸಂಜೆ ದೋಣಿಯಲ್ಲಿ ಕುಳಿತಿದ್ದೆವು. ನೀರಿನಲ್ಲಿ ಮುಳುಗಿ ಒಣಗಿದ ಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಅಂಬಿಗ ಇಂಜಿನ್ ನಿಲ್ಲಿಸಿದ. ಕಾಡಿನ ಅಂಚಿನಿಂದ ಮೊದಲು ಒಂದು ಹೆಣ್ಣಾನೆ ಬಂದು ಗಾಳಿಯಲ್ಲಿ ಸೊಂಡಿಲೆತ್ತಿ ನಿಂತಿತು, ಅದು ಒಪ್ಪಿದ ಮೇಲೆ ಉಳಿದವು ಹೊರಬಂದವು. ಮಗಳು ಮೂವತ್ತೇಳರವರೆಗೆ ಎಣಿಸಿದಳು. ಪ್ರತಿ ಗುಂಪಿನಲ್ಲಿಯೂ ಮರಿಗಳು ದೊಡ್ಡವರ ಕಾಲುಗಳ ನಡುವೆ ಇದ್ದವು. ಹುಲ್ಲನ್ನು ಸೊಂಡಿಲಿನಿಂದ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿದ್ದವು. ಆ ಬಡಿಯುವ ಸದ್ದು ನೀರಿನ ಮೇಲೆ ನಮ್ಮವರೆಗೂ ಕೇಳಿಸುತ್ತಿತ್ತು. ಅತ್ತೆಯವರು ಮನೆಯಲ್ಲಿ ಸೊಪ್ಪು ಜಾಲಿಸುವುದೂ ಹೀಗೆಯೇ ಅಲ್ಲವೇ ಎಂದು ಮೆಲ್ಲಗೆ ಹೇಳಿದರು. ಖೆಡ್ಡಾದ ಜಾಗ ಎಲ್ಲಿತ್ತು ಎಂದು ಮಗಳು ಕೇಳಿದಾಗ ಅಂಬಿಗ ದೋಣಿಯ ಎಡಗಡೆಯ ನೀರಿನತ್ತ ಕೈ ತೋರಿಸಿದ, ಹೆಚ್ಚು ಏನೂ ಹೇಳಲಿಲ್ಲ.

ದುಬಾರೆಯಲ್ಲಿ ನದಿಯ ಕಲ್ಲಿನ ಮೇಲೆ ಕುಳಿತಿದ್ದೆವು. ಒಬ್ಬ ಮಾವುತ ತನ್ನ ಆನೆಯ ಕಿವಿಯ ಹಿಂದೆ ಕಲ್ಲಿನಿಂದ ಉಜ್ಜುತ್ತಿದ್ದ. ಅವನು ನಮ್ಮೊಡನೆ ಕನ್ನಡದಲ್ಲಿ ಮಾತನಾಡಿದ, ದಡದಲ್ಲಿ ಆಡುತ್ತಿದ್ದ ಮಗಳನ್ನು ತಮ್ಮ ಕುರುಬ ನುಡಿಯಲ್ಲಿ ಕರೆದ, ಆಮೇಲೆ ಆನೆಗೆ "ಬೈಠ್" ಎಂದ. ನನ್ನ ಮಗ ಬೆರಗಾಗಿ ನನ್ನ ಕಡೆ ತಿರುಗಿ, ಅಮ್ಮಾ, ಆನೆಗೆ ಹಿಂದಿ ಬರುತ್ತದೆ ಎಂದ. ಆನೆಯ ಮಾತಿನಲ್ಲಿ ಉರ್ದು ಶಬ್ದಗಳು ಹಿಂದಿನಿಂದಲೂ ಬೆರೆತಿವೆ, ನಮ್ಮ ತಾತನೂ ಹೀಗೆಯೇ ಹೇಳುತ್ತಿದ್ದ ಎಂದು ಮಾವುತ ವಿವರಿಸಿದ. ಹೊರಗೆ ಒಂದು, ಮನೆಯಲ್ಲಿ ಒಂದು, ಕೆಲಸಕ್ಕೆ ಇನ್ನೊಂದು ಭಾಷೆಯಾಗಿ ಬದುಕುವ ನಮ್ಮ ಮಕ್ಕಳಿಗೆ ಅದು ಹೊಸದೆನಿಸಲಿಲ್ಲ. ಭೀಮಾತೀರದ ಅಣ್ಣ, ಹಾಡಿಯ ಬಗ್ಗೆ ಮಗಳೇ ಅವನನ್ನು ಕೇಳಿದಳು. ತನ್ನ ಅಜ್ಜಿ ಹುಟ್ಟಿದ ಹಾಡಿ ಈಗ ಕಾಡಿನ ಒಳಗೆ ಬರಿಯ ಹುಣಸೆಮರವಾಗಿ ಉಳಿದಿದೆ, ವರ್ಷಕ್ಕೊಮ್ಮೆ ಅಲ್ಲಿಯ ದೇವರಿಗೆ ಪೂಜೆ ಕೊಡಲು ಹೋಗುತ್ತೇವೆ ಎಂದ. ಹೇಳುತ್ತ ಹೇಳುತ್ತ ಆನೆಯ ಬೆನ್ನಿನ ಮೇಲೆ ಬೊಗಸೆಯಿಂದ ನೀರು ಹಾಕುತ್ತಲೇ ಇದ್ದ, ಅದು ಕಣ್ಣು ಅರೆಮುಚ್ಚಿ ಮಗ್ಗುಲಾಗಿ ನದಿಯಲ್ಲಿ ಮಲಗಿತು.